ಕಿನುಯೆ ಅಕ್ಕನ ಮೂರನೇ ಹೆಜ್ಜೆ

ಮೊದಲೇ ಹೇಳಿಬಿಡುತ್ತೇನೆ, ಕಿನುಯೆ ಅಕ್ಕ ಅರವತ್ತೊಂದರ ವಯಸ್ಸಿನಲ್ಲಿ ಕತ್ತಿ ಹಿಡಿದದ್ದಕ್ಕೆ ಕಾರಣ ನಾನು. ಜಂಬ ಕೊಚ್ಚಿಕೊಳ್ಳಲು ಹೇಳುತ್ತಿಲ್ಲ. ಅದು ನನ್ನ ಮಾನ ಹೋದ ಕಥೆ.

ಯತ್ಸುಶಿರೊದ ಹಳೇ ಪೇಟೆಯಲ್ಲಿ ನನ್ನದೊಂದು ಕ್ಷೌರದ ಅಂಗಡಿ. ಮೂವತ್ತು ವರ್ಷದಿಂದ ಊರವರ ಗಡ್ಡ ಬೋಳಿಸುತ್ತಿರುವವನಿಗೆ ಅಲಗಿನ ವಿಷಯ ಯಾರು ಹೇಳಿಕೊಡಬೇಕು? ಈ ಧಿಮಾಕಿನಲ್ಲೇ ನಾನು ಉರಕಾವಾ ಗುರುಗಳ ಕತ್ತಿ ಶಾಲೆಗೆ ಸೇರಿದ್ದು. ಗುರುಗಳು ಅಂಚೆ ಕಚೇರಿಯಿಂದ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಗುಡಿಯ ಹಿಂದಿನ ಜಲ್ಲಿಕಲ್ಲಿನ ಅಂಗಳದಲ್ಲಿ ಪಾಠ. ಗೂಟಕ್ಕೆ ನೆನೆಸಿದ ಚಾಪೆಯ ಸುರುಳಿ ಸಿಕ್ಕಿಸಿ ಅದನ್ನು ಓರೆಯಾಗಿ ಕತ್ತರಿಸಬೇಕು, ಅಷ್ಟೇ. ಅಷ್ಟೇ ಅಂದುಕೊಂಡಿದ್ದೆ ನಾನೂ.

ಆ ಸುರುಳಿಗಳನ್ನು ತಂದು ಕೊಡುತ್ತಿದ್ದವಳು ಕಿನುಯೆ ಅಕ್ಕ, ಮತ್ಸುಕುಮಾ ತತಾಮಿ ಅಂಗಡಿಯ ಇಸೊಜಿ ಅಣ್ಣನ ಹೆಂಡತಿ. ನಮ್ಮ ಮನೆಗಳಲ್ಲಿ ಕೂರುವುದು, ಉಣ್ಣುವುದು, ಮಲಗುವುದು ಎಲ್ಲ ತತಾಮಿ ಚಾಪೆಯ ಮೇಲೆ. ದಪ್ಪನೆಯ ದಿಂಡು, ಅದರ ಮೇಲೆ ಜೊಂಡಿನ ಹಾಸು, ಉದ್ದದ ಎರಡು ಬದಿಗೆ ಬಟ್ಟೆಯ ಅಂಚು. ಹಾಸು ಸವೆದಾಗ ಇಸೊಜಿ ಅಣ್ಣ ಅದನ್ನು ಕಿತ್ತು ಹೊಸದನ್ನು ಹೊಲಿಯುತ್ತಾನೆ. ಕಿತ್ತ ಹಳೇ ಹಾಸನ್ನು ಅಕ್ಕ ಬಿಗಿಯಾಗಿ ಸುತ್ತಿ, ಮೂರು ಕಡೆ ಕಟ್ಟಿ, ಪೀಪಾಯಿಯಲ್ಲಿ ಒಂದು ದಿನ ನೆನೆಸಿ, ನೀರು ಬಸಿದು, ಭಾನುವಾರ ತನ್ನ ಪುಟ್ಟ ಲಾರಿಯಲ್ಲಿ ಹೇರಿಕೊಂಡು ಬರುತ್ತಿದ್ದಳು. ಇಳಿಸಿ, ಹಿಂದಿನ ವಾರದ ತುಂಡುಗಳನ್ನು ಗುಡಿಸಿ ಬಕೆಟ್‌ಗೆ ತುಂಬಿಕೊಂಡು ಹೋಗಿಬಿಡುತ್ತಿದ್ದಳು.

ಒಂದು ಭಾನುವಾರ ಅವಳು ಗುಡಿಸುತ್ತಿರುವಾಗಲೇ ನಾನು ಒಂದು ಏಟು ಹೊಡೆದೆ. ಸುರುಳಿ ಅರ್ಧ ಸೀಳಿ, ಉಳಿದರ್ಧ ಚಿಂದಿಯಾಗಿ ಜೋತಾಡತೊಡಗಿತು. ಅಕ್ಕ ಪೊರಕೆ ಕೆಳಗಿಟ್ಟು ಹತ್ತಿರ ಬಂದಳು. ಆ ಚಿಂದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

“ಇದನ್ನ ಕತ್ತರಿಸೋದು ಅಂತೀಯೇನಯ್ಯ? ಇದು ಜಗಿದಿರೋದು! ದನ ಆದ್ರೂ ಇದಕ್ಕಿಂತ ನೀಟಾಗಿ ಜಗಿಯುತ್ತೆ.”

“ಪೊರಕೆ ಹಿಡಿದು ಹೇಳೋದು ಸುಲಭ ಅಕ್ಕ,” ಎಂದೆ, ಮುಖ ಕೆಂಪು ಮಾಡಿಕೊಂಡು.

“ಹೌದಾ? ಹಾಗಾದ್ರೆ ಕೊಡು ಇಲ್ಲಿ ಆ ಕತ್ತಿ.”

ನಾನು ಕೊಡಲು ಹೋದೆ. ಗುರುಗಳು ಬಿಡಲಿಲ್ಲ. ಅವಳ ಕೈಗೊಂದು ಮರದ ಕತ್ತಿ ಕೊಟ್ಟು, “ಮುಂದಿನ ವಾರದಿಂದ ಬನ್ನಿ,” ಎಂದರು. ತಮಾಷೆಗೆ ಹೇಳಿದ್ದು. ಇವಳು ಬಂದೇಬಿಟ್ಟಳು! ಒಂದು ವರ್ಷ ಗಾಳಿಗೆ ಮರದ ಕತ್ತಿ ಬೀಸಿದಳು. ನಿಜವಾದ ಕತ್ತಿ ಕೈಗೆ ಬಂದ ದಿನ ಮೊದಲನೇ ಏಟಿಗೇ ಸುರುಳಿ ಸದ್ದಿಲ್ಲದೆ ಎರಡಾಯಿತು. ಕತ್ತರಿಸಿದ ಜಾಗವನ್ನು ಸವರಿ, “ಒಂದೆಳೆಯೂ ಮುದುರಿಲ್ಲ ನೋಡು,” ಎಂದು ನನ್ನ ಮೂಗಿನ ಹತ್ತಿರ ತಂದು ತೋರಿಸಿದಳು. ಜೊಂಡು ಯಾವ ಕಡೆಗೆ ಮಲಗಿದೆ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಲ್ಲ ಅವಳ ಬೆರಳಿಗೆ ಗೊತ್ತು. ನನಗೆ ಹೊಟ್ಟೆ ಉರಿಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಇಸೊಜಿ ಅಣ್ಣನಿಗೆ ಮಾತ್ರ ಇದು ಒಂದಿಷ್ಟೂ ಹಿಡಿಸಲಿಲ್ಲ. ಗಡ್ಡ ಮಾಡಿಸಿಕೊಳ್ಳಲು ಬಂದಾಗ ನೊರೆಯ ಒಳಗಿಂದಲೇ ಗೊಣಗುತ್ತಿದ್ದ. “ನಾನು ಹೊಲಿಯೋದು, ಇವಳು ಕೊಚ್ಚೋದು. ಏನು ಸಂಸಾರನಯ್ಯ ನಮ್ಮದು!” ಕತ್ತಿ ಶಾಲೆಯ ಅಂಗಳಕ್ಕೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಎಲ್ಲ ಸರಿ ಇತ್ತು, ಪರೀಕ್ಷೆ ಒಂದನ್ನು ಬಿಟ್ಟು. ಪ್ರತಿ ಫೆಬ್ರವರಿಯಲ್ಲಿ ಕುಮಾಮೊಟೊ ಪಟ್ಟಣದಿಂದ ಪರೀಕ್ಷಕರು ಬರುತ್ತಾರೆ. ಹೊರಗೆ ಚಳಿಗಾಳಿ, ಹಾಗಾಗಿ ಪರೀಕ್ಷೆ ನಮ್ಮ ಬೀದಿಯ ಸಭಾಮಂದಿರದ ಒಳಗೆ. ತತಾಮಿ ನೆನೆಯದಿರಲಿ ಎಂದು ನೆಲಕ್ಕೆಲ್ಲ ನೀಲಿ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಬಾಗಿಲ ಕಡೆಯ ಗೆರೆಯ ಹಿಂದೆ ನಿಂತು ನಮಸ್ಕರಿಸಿ, ಮೂರು ಹೆಜ್ಜೆ ಮುಂದಿಟ್ಟು, ಮೂರನೇ ಹೆಜ್ಜೆಯ ಜೊತೆಗೇ ಕತ್ತಿ ಬೀಳಬೇಕು. ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು. ಗೂಟ ಇಡುವ ಜಾಗವೂ ಬದಲಾಗುವುದಿಲ್ಲ. ಮಾಡು ಎತ್ತರವಿರುವುದು ಅದೊಂದೇ ಕಡೆ, ಬೇರೆಲ್ಲಿ ಕತ್ತಿ ಎತ್ತಿದರೂ ದೀಪಕ್ಕೆ ಬಡಿಯುತ್ತದೆ.

ಅಂಗಳದಲ್ಲಿ ಬೆಣ್ಣೆ ಕತ್ತರಿಸಿದಂತೆ ಕತ್ತರಿಸುವ ಅಕ್ಕ ಆ ಮಂದಿರದಲ್ಲಿ ಎರಡು ವರ್ಷ ಫೇಲಾದಳು. ಎರಡು ಸಲವೂ ಒಂದೇ ಕಥೆ. ಕತ್ತಿಯ ತುದಿ ಮಾತ್ರ ತಗುಲಿ ಸುರುಳಿ ಜೋತಾಡಿತು. “ಹೆದರಿಕೆ,” ಎಂದರು ಗುರುಗಳು. ನಾನು ತಿಳಿದವನಂತೆ, “ಅಕ್ಕ, ಅದು ಚಾಪೆ ಅಂದ್ಕೋಬೇಡ, ಕೂದಲು ಅಂದ್ಕೋ,” ಎಂದೆ. “ಅದಕ್ಕೇ ನೀನು ಜಗಿಯೋದು,” ಎಂದಳು ಮಹಾತಾಯಿ.

ಈ ಮಾತುಗಳ ನಡುವೆಯೂ ಅವಳ ಮುಖ ಬಾಡಿತ್ತು. ನಮ್ಮ ಶಾಲೆಯ ಕಟ್ಟುಪಾಡು ಹಾಗಿದೆ. ಮೂರನೇ ಸಲವೂ ಫೇಲಾದವರು ಕತ್ತಿ ಒಪ್ಪಿಸಿ ಎರಡು ವರ್ಷ ಮರದ ಕತ್ತಿಗೆ ಮರಳಬೇಕು. ಅವಳಿಗೆ ಆಗ ಅರವತ್ತಾರು. ಬಲ ಭುಜ ಆಗಲೇ ಹಿಡಿದುಕೊಳ್ಳಲು ಶುರುವಾಗಿತ್ತು. ಚಳಿಯ ದಿನ ಬಟ್ಟೆ ಒಣಗಿಹಾಕಲೂ ಕೈ ಏಳುತ್ತಿರಲಿಲ್ಲ.

“ಎರಡು ವರ್ಷ ಆದ್ಮೇಲೆ ಈ ಕೈ ಕತ್ತಿ ಎತ್ತಲ್ಲ ಶಿರೈಶಿ,” ಎಂದಳು ಒಂದು ದಿನ ನನ್ನ ಹತ್ತಿರ. “ಮದುವೆಯಾದಾಗಿಂದ ಇನ್ನೊಬ್ಬರ ಮನೆ ನೆಲ ನೇರ ಮಾಡಿದ್ದೇ ಆಯ್ತು. ನನ್ನದು ಅಂತ ಒಂದಿದ್ರೆ ಅದು ಈ ಏಟು. ಅದನ್ನ ಒಬ್ಬರು ನೋಡಿ ಹೌದು ಅನ್ನಬೇಕು, ಅಷ್ಟೇ ನಂಗೆ.”



ಗುಟ್ಟು ಸಿಕ್ಕಿದ್ದು ಜನವರಿಯಲ್ಲಿ, ನಮ್ಮ ಮನೆಯಲ್ಲೇ. ತೊಂಬತ್ತರ ನಮ್ಮಪ್ಪನಿಗೆ ಅಂಗಡಿಗೆ ಇಳಿದು ಬರಲು ಸೋಮಾರಿತನ. ನಡುಮನೆಯ ತತಾಮಿಯ ಮೇಲೆ ಹಳೇ ಪೇಪರ್ ಹರಡಿ ಅಲ್ಲೇ ಅವರ ಕೂದಲು ಕತ್ತರಿಸುತ್ತಿದ್ದೆ. ಅಷ್ಟರಲ್ಲಿ ಅಕ್ಕ ತಲೆಗಿಂತ ದೊಡ್ಡ ಚಕ್ಕೋತ ಒಂದನ್ನು ಅಪ್ಪಿಕೊಂಡು ಒಳಗೆ ಬಂದಳು. ಪೇಪರಿನ ಮೇಲೆ ಮೂರು ಹೆಜ್ಜೆ ಇಟ್ಟಳು. ಮೂರನೆಯದು ಚೋಟುದ್ದ! ಕಾಲು ಏಕೋ ಅರ್ಧಕ್ಕೇ ಇಳಿಯಿತು.

ನನ್ನ ಕತ್ತರಿ ಗಾಳಿಯಲ್ಲೇ ನಿಂತಿತು. “ಅಕ್ಕ, ವಾಪಸ್ ಹೋಗು. ಮತ್ತೆ ಬಾ.”

“ಹಣ್ಣು ಬೇಡ್ವಾ?”

“ಹಣ್ಣು ಹಾಳಾಗಲಿ. ಬಾಗಿಲಿಂದ ಮತ್ತೆ ಬಾ ಅಂದೆ.”

ಮೂರು ಸಲ ನಡೆಸಿದೆ. ಮೂರು ಸಲವೂ ಅದೇ ಜಾಗದಲ್ಲಿ ಕಾಲು ಗಿಡ್ಡವಾಯಿತು.

“ನನ್ನ ತಲೆ ಅರ್ಧ ಆಗಿದೆ ಕಣೋ!” ಎಂದು ಅಪ್ಪ ಕೂಗಿದರು. “ಹೆಣ್ಣುಮಕ್ಕಳನ್ನ ಮೆರವಣಿಗೆ ಮಾಡಿಸೋದು ಆಮೇಲೆ ಇಟ್ಕೋ!”

ನಾನು ಪೇಪರ್ ಎತ್ತಿದೆ. ಕೆಳಗೆ, ಅವಳ ಹೆಬ್ಬೆರಳ ಮುಂದೆಯೇ, ಎರಡು ತತಾಮಿ ಕೂಡುವ ಜಾಗದ ಬಟ್ಟೆಯಂಚು ಅಡ್ಡಲಾಗಿ ಮಲಗಿತ್ತು.

ತತಾಮಿಯ ಅಂಚು ತುಳಿಯಬಾರದು ಎಂದು ನಮ್ಮಲ್ಲಿ ಎಲ್ಲರೂ ಮಕ್ಕಳಿಗೆ ಹೇಳುತ್ತೇವೆ, ಎಲ್ಲರೂ ತುಳಿಯುತ್ತೇವೆ. ಆದರೆ ಇವಳು ತತಾಮಿ ಹೊಲಿಯುವವರ ಮನೆಯ ಸೊಸೆ. ಕಣ್ಣಿಗೆ ಕಾಣದಿದ್ದರೂ ಚಾಪೆಯ ಅಗಲ ಅವಳ ಕಾಲಿಗೆ ಗೊತ್ತು. ಹೊರಗೆ ಜಲ್ಲಿಕಲ್ಲಿಗೆ ಅಂಚಿಲ್ಲ. ಮಂದಿರದಲ್ಲಿ ಆ ನೀಲಿ ಹಾಳೆಯ ಕೆಳಗೆ, ಮೂರನೇ ಹೆಜ್ಜೆ ಬೀಳಬೇಕಾದ ಜಾಗದಲ್ಲೇ, ಅಂಚಿದೆ!

ಅಕ್ಕ ಚಕ್ಕೋತವನ್ನು ತೊಡೆಯ ಮೇಲಿಟ್ಟುಕೊಂಡು ಕುಕ್ಕರಿಸಿದಳು.

“ಮದುವೆಯಾಗಿ ಬಂದ ಮೊದಲನೇ ದಿನ ಅಂಚು ತುಳಿದೆ,” ಎಂದಳು. “ಅತ್ತೆ ಕೈಯಲ್ಲಿ ಅಳತೆಕೋಲು ಇತ್ತು. ಹಿಮ್ಮಡಿಗೆ ಟಪ್ ಅಂತ ಬಿತ್ತು.”

“ಆಮೇಲೆ?”

“ಆಮೇಲೇನು? ಅವರು ಸಾಯೋವರೆಗೂ ಟಪ್. ಮೂವತ್ತು ವರ್ಷ.”

“ಇಸೊಜಿ ಅಣ್ಣ ಏನೂ ಅನ್ನಲಿಲ್ವಾ?”

“ಅವರಾ?” ಅಕ್ಕ ನಕ್ಕಳು, ಆದರೆ ಅದು ನಗು ಆಗಿರಲಿಲ್ಲ. “ಅವರು ಸೂಜಿಗೆ ದಾರ ಪೋಣಿಸ್ತಾ ಇದ್ದರು.”

ರೋಗ ಗೊತ್ತಾಯಿತಲ್ಲ, ಇನ್ನು ಮದ್ದು ನಾನೇ ಕೊಡುತ್ತೇನೆಂದು ಹೊರಟೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ಅಭ್ಯಾಸ ಶುರುವಾಯಿತು. ಅಭ್ಯಾಸವೇನೆಂದರೆ ಅಂಚು ತುಳಿಯುವುದು. ಗೂಡಿನಲ್ಲಿ ಅತ್ತೆಯ ಫೋಟೋ, ಮುಂದೆ ಊದುಬತ್ತಿ. ಅಕ್ಕ ಫೋಟೋಗೆ ತಲೆಬಾಗಿ, “ಅತ್ತೆ, ಕ್ಷಮಿಸಿ,” ಎನ್ನುವುದು, ಕಣ್ಣುಮುಚ್ಚಿ ಧಪ್ಪನೆ ಕಾಲಿಡುವುದು. ಕಣ್ಣು ಬಿಟ್ಟು ನೋಡಿದರೆ ಕಾಲು ಅಂಚಿಗಿಂತ ನಾಲ್ಕು ಬೆರಳು ಹಿಂದೆ ನಿಂತಿರುತ್ತಿತ್ತು.

“ಅತ್ತೆ ಬಿಡ್ತಾ ಇಲ್ಲ ಕಣಯ್ಯ,” ಎಂದಳು.

“ಫೋಟೋ ತಿರುಗಿಸಿ ಇಡೋಣ.”

“ತಿರುಗಿಸು ನೋಡೋಣ, ನಿನಗೆ ಧೈರ್ಯ ಇದ್ರೆ.”

ನನಗಿರಲಿಲ್ಲ. ಆ ಮುದುಕಿ ಬದುಕಿದ್ದಾಗ ನಾನು ಅವಳ ಕಣ್ಣಿಗೆ ಬೀಳದ ಹಾಗೆ ಓಣಿಯಲ್ಲಿ ಸುತ್ತು ಹಾಕಿ ಹೋಗುತ್ತಿದ್ದವನು. ಬದಲಿಗೆ ನಾನೇ ತೋರಿಸಿಕೊಡುತ್ತೇನೆಂದು ಅಂಚಿನ ಮೇಲೆ ಧಪ್ ಧಪ್ ಎಂದು ನಾಲ್ಕು ಸಲ ಹಾರಿದೆ. ಐದನೆಯದಕ್ಕೆ ಬಾಗಿಲು ಸರಿಯಿತು. ಇಸೊಜಿ ಅಣ್ಣ ನಿಂತಿದ್ದ.

“ಹೊಲಿದವನ ಮನೆಯಲ್ಲೇ, ಹೊಲಿದವನ ಎದುರಿಗೇ!” ಅವನು ನನ್ನ ಕಾಲನ್ನೇ ನೋಡುತ್ತಿದ್ದ. “ಬೇರೆ ಎಲ್ಲೂ ಸಿಗಲಿಲ್ವೇನೋ ನಿಂಗೆ ಕುಣಿಯೋಕೆ?”

“ಅಣ್ಣ, ಅಕ್ಕಂಗೋಸ್ಕರ... ಅಂಚು ಬಂದ್ರೆ ಅವಳ ಕಾಲು ಗಿಡ್ಡ ಆಗುತ್ತೆ. ಮಂದಿರದಲ್ಲಿ ಮೂರನೇ ಹೆಜ್ಜೆಗೆ ಸರಿಯಾಗಿ ಅಂಚು. ಒಂದಂಗೈ ಹಿಂದೆ ನಿಂತುಬಿಡ್ತಾಳೆ, ಏಟು ತಲುಪಲ್ಲ. ಅದಕ್ಕೇ ಎರಡು ಸಲ ಹೋಗಿದ್ದು.”

“ಯಾಕೆ ಗಿಡ್ಡ ಆಗುತ್ತೆ?”

ಇಸೊಜಿ ಅಣ್ಣ ಒಮ್ಮೆ ಫೋಟೋ ನೋಡಿದ, ಒಮ್ಮೆ ಅಕ್ಕನ ಹಿಮ್ಮಡಿ ನೋಡಿದ. ಆಮೇಲೆ ನನ್ನತ್ತ ತಿರುಗಿ, “ಹೋಗು ಆಚೆ,” ಎಂದ. ಹೋದೆ. ಅಲ್ಲಿಗೆ ಅಭ್ಯಾಸಕ್ಕೆ ಕಲ್ಲು ಬಿತ್ತು. ಅಣ್ಣ ಮೂರು ದಿನ ಹೆಂಡತಿಯ ಜೊತೆ ಮಾತು ಬಿಟ್ಟನಂತೆ. ಗಡ್ಡಕ್ಕೂ ಬರಲಿಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ಒಂದು ವಿಚಿತ್ರ ನಡೆಯಿತು. ಭಾನುವಾರದ ಪಾಠ ಮುಗಿಯುವ ಹೊತ್ತಿಗೆ ಇಸೊಜಿ ಅಣ್ಣ ಅಂಗಳಕ್ಕೆ ಬಂದ. “ಬಕೆಟ್ ತಗೊಂಡು ಹೋಗೋಣ ಅಂತ,” ಎಂದ. ಅಕ್ಕ ಲಾರಿಯ ಹತ್ತಿರ ಹೋದಮೇಲೆ ನೋಡಿದರೆ ಮನುಷ್ಯ ಜಲ್ಲಿಯ ಮೇಲೆ ಮೊಣಕಾಲೂರಿ, ಅವಳ ಹೆಜ್ಜೆಯಿಂದ ಚದುರಿದ ಕಲ್ಲುಗಳ ನಡುವೆ ದಾರ ಹಿಡಿದುಕೊಂಡು ಏನೋ ಮಾಡುತ್ತಿದ್ದಾನೆ.

“ಏನಣ್ಣ, ಏನಾದ್ರೂ ಬೀಳಿಸಿಕೊಂಡ್ಯಾ?”

“ಸೂಜಿ,” ಎಂದ.

ಗೇಣುದ್ದದ ತತಾಮಿ ಸೂಜಿಯನ್ನು ಜಲ್ಲಿಯಲ್ಲಿ ಹುಡುಕಲು ದಾರ ಯಾಕೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಲು ಗಂಟೆ ಸೂಜಿ ಹುಡುಕಿದೆ. ಅಷ್ಟು ದಡ್ಡ ನಾನು.

ಪರೀಕ್ಷೆಯ ದಿನ ಮಂದಿರಕ್ಕೆ ಎಲ್ಲರಿಗಿಂತ ಮೊದಲು ಹೋದವನು ನಾನೇ. ಬಾಗಿಲ ಪಕ್ಕದಲ್ಲಿ, ತತಾಮಿ ಮುಗಿದು ಗೋಡೆಗೆ ತಾಗುವ ಮೊದಲು, ಅಂಗೈ ಅಗಲದ ಒಂದು ಹಲಗೆ ಪಟ್ಟಿ ಇದೆ. ಕೋಣೆಯ ಅಳತೆಗೆ ಚಾಪೆ ಸಾಲದ ಜಾಗಕ್ಕೆ ಹಾಕಿದ್ದು. ಪ್ರತಿ ವರ್ಷ ಅದಕ್ಕೆ ನನ್ನ ಕಾಲ್ಬೆರಳು ಎಡವುತ್ತದೆ, ಪ್ರತಿ ವರ್ಷ ನಾನು ಅದನ್ನು ಕಟ್ಟಿದವನ ವಂಶಕ್ಕೆಲ್ಲ ಬೈಯುತ್ತೇನೆ. ಈ ವರ್ಷ ಎಡವಲಿಲ್ಲ. ಒಳ್ಳೇ ಶಕುನ ಎಂದು ಖುಷಿಯಾಯಿತು. ವಾರದ ಹಿಂದಷ್ಟೇ ಇಸೊಜಿ ಅಣ್ಣ ಮಂದಿರದ ತತಾಮಿಗಳನ್ನೆಲ್ಲ ಎತ್ತಿ, ಹಾಸು ಮಗುಚಿ ಹೊಲಿದು ಮತ್ತೆ ಹಾಸಿದ್ದ. ಒಳಗೆಲ್ಲ ಜೊಂಡಿನ ವಾಸನೆ. ಅದರ ಮೇಲೆ ನೀಲಿ ಹಾಳೆ ಹಾಸಿ, ಬಿಳಿ ಟೇಪಿನಿಂದ ಗೆರೆ ಹಾಕಿ, ಗೂಟ ಇಟ್ಟೆವು.

ಪರೀಕ್ಷಕಿ ನವಾತಾ ಅಮ್ಮನವರು ಎಪ್ಪತ್ತು ದಾಟಿದವರು, ನಗುವುದನ್ನು ಯಾವ ಕಾಲದಲ್ಲೋ ಬಿಟ್ಟವರು. ನನ್ನ ಸರದಿಯಲ್ಲಿ ನಾನು ಎಂದಿನಂತೆ ಜಗಿದೆ. ನನ್ನ ದರ್ಜೆ ಏರಲಿಲ್ಲ, ಇಳಿಯಲಿಲ್ಲ. ಅದು ಬಿಡಿ.

ಅಕ್ಕನ ಹೆಸರು ಕರೆದರು. ಅವಳು ಗೆರೆಯ ಹಿಂದೆ ನಿಂತು ತಲೆಬಾಗಿದಳು. ನನ್ನ ಕಣ್ಣೆಲ್ಲ ಅವಳ ಕಾಲ ಮೇಲೆ. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಕಾಲು ಎತ್ತಿದಳು, ಅದು ಒಂದು ಕ್ಷಣ ಅನುಮಾನಿಸಿತು, ನಾನು ಹಲ್ಲು ಕಚ್ಚಿದೆ. ಆಮೇಲೆ ಆ ಕಾಲು ಏನನ್ನೋ ದಾಟುವಂತೆ ಮುಂದೆ ಹೋಗಿ ತುಂಬು ಅಳತೆಗೆ ಇಳಿಯಿತು. ಕತ್ತಿ ಬಿತ್ತು. ಸದ್ದೇ ಇಲ್ಲ. ಸುರುಳಿಯ ತಲೆ ಅರೆಗಳಿಗೆ ಹಾಗೇ ಕೂತಿದ್ದು, ಮೆಲ್ಲಗೆ ಜಾರಿತು. ಅದು ನೆಲ ಮುಟ್ಟುವ ಮೊದಲೇ ಎಡಗಡೆಯ ಏಟು. ಅದೂ ಸಂಪೂರ್ಣ!

ನವಾತಾ ಅಮ್ಮನವರು ಎದ್ದು ಬಂದು ತುಂಡನ್ನು ತಿರುವಿ ನೋಡಿದರು. “ಹೌದು,” ಎಂದರು. ಅಷ್ಟೇ ಹೇಳಿದ್ದು.

ನಾನು ಎದ್ದು ಕೂಗಿದೆ, ಗುರುಗಳು ಗದರಿದರು, ನಾನು ಕೂತು ಮತ್ತೆ ಕೂಗಿದೆ. ಅಕ್ಕ ಮಾತ್ರ ಪ್ರಮಾಣಪತ್ರ ಹಿಡಿದು ಬಂದು ನನ್ನ ಕಿವಿಯಲ್ಲಿ, “ಏನೋ ಸರಿಯಿಲ್ಲ. ಅಂಚು ಜಾಗದಲ್ಲಿರಲಿಲ್ಲ,” ಎಂದಳು.

ಎಲ್ಲ ಮುಗಿದು ನೀಲಿ ಹಾಳೆ ಸುತ್ತುವಾಗ ನಮ್ಮಿಬ್ಬರಿಗೂ ಕಂಡಿತು. ಬಾಗಿಲ ಬಳಿಯ ಹಲಗೆ ಪಟ್ಟಿ ಈಗ ಎದುರು ಗೋಡೆಯ ಬುಡದಲ್ಲಿತ್ತು. ಇಡೀ ಮಂದಿರದ ತತಾಮಿಯೆಲ್ಲ ಒಂದಂಗೈ ಬಾಗಿಲ ಕಡೆಗೆ ಸರಿದಿತ್ತು. ಮೂರನೇ ಹೆಜ್ಜೆ ಬೀಳುವ ಜಾಗದಲ್ಲಿದ್ದ ಅಂಚು ಈಗ ಅದಕ್ಕಿಂತ ಒಂದಂಗೈ ಹಿಂದೆ. ಅದನ್ನು ತುಳಿಯದಿರಲು ದಾಟಿದ ಕಾಲು ಸರಿಯಾಗಿ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿತ್ತು. ಜಲ್ಲಿಯಲ್ಲಿ ಹುಡುಕಿದ ಸೂಜಿ ನನಗೆ ಆಗ ಸಿಕ್ಕಿತು: ಅಣ್ಣ ಅವತ್ತು ದಾರದಲ್ಲಿ ಅಳೆಯುತ್ತಿದ್ದದ್ದು ಅವಳ ಹೆಜ್ಜೆಯನ್ನು.

ಅಕ್ಕ ಮೊಣಕಾಲೂರಿ ಗೇಣು ಹಾಕಿ ಅಳೆದಳು. ಮುಖ ಕೆಂಪೇರಿತು. ಎದ್ದವಳೇ ನೇರ ಪರೀಕ್ಷಕಿಯ ಬಳಿ ಹೋಗಿ ಪ್ರಮಾಣಪತ್ರ ಮುಂದಿಟ್ಟಳು.

“ಇದು ನಂದಲ್ಲ ಅಮ್ಮಾವ್ರೆ. ನನ್ನ ಗಂಡ ನೆಲ ಸರಿಸಿದ್ದಾರೆ.”

“ಕತ್ತರಿಸಿದ್ದು ಯಾರು?”

“ನಾನೇ.”

“ನಾನು ನೋಡೋಕೆ ಬಂದಿದ್ದು ಅದನ್ನ. ತತಾಮಿ ಹಾಸೋರಿಗೂ ಪರೀಕ್ಷೆ ಇದ್ದಿದ್ರೆ ನಿಮ್ಮ ಯಜಮಾನ್ರೂ ಪಾಸು,” ಎಂದು ನವಾತಾ ಅಮ್ಮನವರು ಚಪ್ಪಲಿ ಹಾಕಿಕೊಂಡರು. ಸ್ವಲ್ಪ ನಕ್ಕರೆಂದು ನನಗೆ ಅನುಮಾನ. ಗುರುಗಳು ಇಲ್ಲವೆನ್ನುತ್ತಾರೆ.

ಬಕೆಟ್ ಹೊರುವ ನೆಪ ಮಾಡಿಕೊಂಡು ನಾನೂ ಅವಳ ಹಿಂದೆ ಮನೆಗೆ ಹೋದೆ. ಇಂಥದ್ದನ್ನು ನೋಡದೆ ಬಿಡಲು ನನಗೇನು ಹುಚ್ಚೇ? ಇಸೊಜಿ ಅಣ್ಣ ಮುಂದಿನ ಕೋಣೆಯಲ್ಲಿ, ತನ್ನ ಅಮ್ಮನ ಫೋಟೋದ ಕೆಳಗೆ, ಒಂದು ಅಂಚುಪಟ್ಟಿ ತೊಡೆಯ ಮೇಲೆ ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ. ತಲೆ ಎತ್ತಲಿಲ್ಲ.

“ರೀ. ಮಂದಿರದ ನೆಲ ಒಂದಂಗೈ ಸರಿದಿದೆ.”

“ಚಳಿಗೆ ಕುಗ್ಗಿರುತ್ತೆ.”

“ಹಲಗೆ ಪಟ್ಟಿ ಎದ್ದು ಆಚೆ ಗೋಡೆಗೆ ನಡೆದುಕೊಂಡು ಹೋಯ್ತಾ?”

ಅಣ್ಣ ದಾರದ ತುದಿಯನ್ನು ಸೂಜಿಯ ಕಣ್ಣಿಗೆ ಹಿಡಿದ.

“ನನ್ನ ಕೈಲಿ ಆಗಲ್ಲ ಅಂದ್ಕೊಂಡ್ರಾ? ಇಷ್ಟು ವರ್ಷ ಬೀಸಿದ್ದಕ್ಕೆ ನಿಮ್ಮ ದಯೆ ಬೇಕಿತ್ತಾ ನಂಗೆ?”

“ಕೈಲಿ ಆಗುತ್ತೆ. ಅದು ಗೊತ್ತಿತ್ತು.” ಅವನು ದಾರದ ತುದಿಯನ್ನು ನೆಕ್ಕಿ ಮತ್ತೆ ಪ್ರಯತ್ನಿಸಿದ, ತಪ್ಪಿತು. “ಕಾಲಿಂದು ನಿನ್ನ ತಪ್ಪಲ್ಲ. ಅಮ್ಮ ಆ ಕೋಲಲ್ಲಿ ಹೊಡೀವಾಗೆಲ್ಲ ನಾನು ಇಲ್ಲೇ, ಇದೇ ಜಾಗದಲ್ಲಿ ಕೂತಿದ್ದೆ. ಪ್ರತಿ ಸಲ ಸದ್ದು ಕೇಳಿಸ್ತಿತ್ತು. ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳೋಣ ಅಂದ್ರೆ ಅಮ್ಮ ಇಲ್ಲ.” ಸ್ವಲ್ಪ ತಡೆದು, “ಮಾತು ಬರಲ್ಲ ನಂಗೆ. ಚಾಪೆ ಹಾಸೋದು ಬರುತ್ತೆ,” ಎಂದ.

ನಾನು ಬಕೆಟ್ ನೋಡುತ್ತ ನಿಂತೆ. ಅಲ್ಲಿಂದ ಹೊರಟುಬಿಡಬೇಕಿತ್ತು, ಕಾಲು ಬರಲಿಲ್ಲ.

ಅಕ್ಕ ತೋಳಿನಿಂದ ಮುಖ ಒರೆಸಿಕೊಂಡಳು. ಪ್ರಮಾಣಪತ್ರವನ್ನು ಗೂಡಿನಲ್ಲಿ ಅತ್ತೆಯ ಫೋಟೋದ ಮುಂದೆ ಇಟ್ಟಳು. ಈ ಸಲ ಕ್ಷಮೆ ಕೇಳಲಿಲ್ಲ. ತಿರುಗಿ ಗಂಡನ ಕಡೆಗೆ ನಡೆದಳು. ಒಂದು, ಎರಡು, ಮೂರು. ಮೂರನೇ ಹೆಜ್ಜೆ ನಡುಮಧ್ಯದ ಅಂಚಿನ ಮೇಲೆ ಧಪ್ಪನೆ ಬಿತ್ತು.

“ಏ, ಅಂಚು...” ಎಂದು ಅಣ್ಣನ ಬಾಯಿಂದ ಬಂದೇಬಿಟ್ಟಿತು. ಉಳಿದದ್ದನ್ನು ಅವನು ನುಂಗಿಕೊಂಡ.

“ಗೊತ್ತು,” ಎಂದಳು ಅಕ್ಕ. “ಆ ಸೂಜಿ ಕೊಡಿ ಇಲ್ಲಿ. ನಿಮ್ಮ ಕಣ್ಣಿಗೆ ಕಾಣ್ತಿಲ್ಲ.”

ಅವನು ಕೊಟ್ಟ. ಅವಳು ಅಂಚಿನ ಮೇಲೆ ಎರಡೂ ಕಾಲೂರಿ ನಿಂತುಕೊಂಡೇ ದಾರ ಪೋಣಿಸಿ ಅವನ ಕೈಗಿತ್ತಳು.